ಕರುಳಿನ ಕೀವು ಆಪರೇಷನ್ ಇಲ್ಲದೆ ವಾಸಿಯಾಯ್ತು, ಮತ್ತೆ ಬರಲ್ವಾ?

ಡೈವರ್ಟಿಕ್ಯುಲೈಟಿಸ್, ಅಂದರೆ ದೊಡ್ಡ ಕರುಳಿನ ಗೋಡೆಯ ಸಣ್ಣ ಚೀಲಗಳ ಊತ, ಆಗಿ ಕರುಳಿನ ಪಕ್ಕ ಕೀವು ಕಟ್ಟಿದೆ ಅಂದ ಕೂಡಲೇ ಮನೆಯವರು ಕೇಳುವುದು, 'ಆಪರೇಷನ್ ಯಾವಾಗ ಡಾಕ್ಟ್ರೇ?' ಈಗ ಬೇಡ ಅಂದರೆ ಇನ್ನೊಂದು ಪ್ರಶ್ನೆ: 'ಹಾಗಾದ್ರೆ ಮತ್ತೆ ಬರಲ್ವಾ?' ಇದಕ್ಕೆ ಸ್ವಲ್ಪ ಕೂತು ಮಾತಾಡಬೇಕು.

ವಯಸ್ಸಾದಂತೆ ದೊಡ್ಡ ಕರುಳಿನ ಗೋಡೆಯಲ್ಲಿ, ರಕ್ತನಾಳಗಳು ಒಳಹೊಕ್ಕುವ ಜಾಗಗಳಲ್ಲಿ, ಸಣ್ಣ ಚೀಲಗಳು ಹೊರಕ್ಕೆ ಉಬ್ಬುತ್ತವೆ. ಹೆಚ್ಚಿನವರಿಗೆ ಇವು ಇರುವುದೇ ಗೊತ್ತಾಗುವುದಿಲ್ಲ. ಕೆಲವರಲ್ಲಿ ಒಂದು ಚೀಲ ಊದಿಕೊಂಡು, ತೂತಾಗಿ, ಪಕ್ಕದಲ್ಲೇ ಕೀವು ಕಟ್ಟುತ್ತದೆ. ಎಷ್ಟು ಕೀವು, ಎಲ್ಲಿದೆ ಅನ್ನುವುದನ್ನು ಸಿಟಿ ಸ್ಕ್ಯಾನ್ ಹೇಳುತ್ತದೆ. ಹೊಟ್ಟೆಯೊಳಗೆಲ್ಲ ಕೀವೋ ಮಲವೋ ಹರಡಿದ್ದರೆ ಚರ್ಚೆಗೆ ಸಮಯವಿಲ್ಲ, ಆಪರೇಷನ್ ಥಿಯೇಟರೇ ದಾರಿ. ಒಂದೇ ಕಡೆ ಗಡ್ಡೆಯಾಗಿ ನಿಂತಿದ್ದರೆ ಕಾಯಬಹುದು.

ಗಡ್ಡೆ ಸುಮಾರು 3 ಸೆಂಟಿಮೀಟರಿಗಿಂತ ಚಿಕ್ಕದಾದರೆ ಬರೀ ಆಂಟಿಬಯಾಟಿಕ್‌ನಲ್ಲೇ ಹೆಚ್ಚಾಗಿ ಕರಗುತ್ತದೆ. ದೊಡ್ಡದಾದರೆ ರೇಡಿಯಾಲಜಿಸ್ಟ್ ಸ್ಕ್ಯಾನ್ ನೋಡುತ್ತಾ ಚರ್ಮದ ಮೂಲಕ ತೆಳುವಾದ ನಳಿಕೆ ಇಳಿಸುತ್ತಾರೆ. ಒಳಗೆ ಅದರ ತುದಿ ಸುರುಳಿ ಸುತ್ತಿಕೊಳ್ಳುತ್ತದೆ, ಅದಕ್ಕೇ ಜಾರಿ ಬರುವುದಿಲ್ಲ. ಹೊರಗಿನ ತುದಿಗೆ ಒಂದು ಬ್ಯಾಗ್. ಆಮೇಲೆ ರೌಂಡ್ಸಿಗೆ ಬಂದಾಗ ನಮ್ಮ ಮೊದಲ ಮಾತು, 'ಸಿಸ್ಟರ್, ಇವತ್ತು ಎಷ್ಟು ಬಂತು?' ದಪ್ಪಗೆ, ನಾರುತ್ತಿದ್ದ ಕೀವು ದಿನದಿಂದ ದಿನಕ್ಕೆ ತೆಳುವಾಗಬೇಕು, ಕಡಿಮೆಯಾಗಬೇಕು. ಜ್ವರ ಇಳಿಯಬೇಕು. ದಿನಕ್ಕೆ ಹತ್ತಿಪ್ಪತ್ತು ಎಂಎಲ್‌ಗಿಂತ ಕಡಿಮೆಯಾದರೆ ನಳಿಕೆ ತೆಗೆಯುವ ಯೋಚನೆ. ಕೀವಿನ ಬದಲು ಮಲ ಬರತೊಡಗಿದರೆ, ಕರುಳಿನ ತೂತು ಮುಚ್ಚಿಲ್ಲ ಅಂತ ಅರ್ಥ. ಎರಡು ಮೂರು ದಿನವಾದರೂ ನೋವು, ಜ್ವರ ಜಗ್ಗದಿದ್ದರೆ ಮತ್ತೆ ಸ್ಕ್ಯಾನ್. ಕೀವು ಅಲ್ಲೇ ಕೂತಿದ್ದರೆ ಯೋಜನೆ ಬದಲಾಗುತ್ತದೆ.

ಇನ್ನು ಮರುಕಳಿಸುವ ವಿಷಯ. ಕೀವುಗಡ್ಡೆ ಔಷಧಿಯಿಂದ ವಾಸಿಯಾದವರಲ್ಲಿ ಸ್ಥೂಲವಾಗಿ ಮೂರ್ನಾಲ್ಕು ಜನರಲ್ಲಿ ಒಬ್ಬರಿಗೆ ಮತ್ತೆ ಬರುತ್ತದೆ. ಕೆಲವು ಅಧ್ಯಯನಗಳಲ್ಲಿ ಅದಕ್ಕಿಂತ ಜಾಸ್ತಿಯೂ ಇದೆ. ಹಿಂದೆ ಎರಡು ಸಲ ಬಂತು ಅಂದರೆ ಆ ಭಾಗದ ಕರುಳು ತೆಗೆಯಿರಿ ಅನ್ನುವ ನಿಯಮವಿತ್ತು. ಈಗ ಹಾಗೆ ಎಣಿಸಿ ಕತ್ತರಿ ಹಿಡಿಯುವುದಿಲ್ಲ. ಕರುಳು ತೂತಾಗಿ ಹೊಟ್ಟೆಯೊಳಗೆಲ್ಲ ಹರಡುವ ಅಪಾಯ ಹೆಚ್ಚಿರುವುದು ಮೊದಲ ಸಲ ಬಂದಾಗಲೇ. ಹಾಗಾಗಿ 'ಮುಂದಿನ ಸಲ ಪ್ರಾಣಕ್ಕೇ ಕುತ್ತು' ಅಂತ ಹೆದರಿಸಿ ಆಪರೇಷನ್ ಮಾಡಿಸುವುದು ನನಗೆ ಒಪ್ಪಿಗೆಯಿಲ್ಲ. ಹಾಗಂತ ಎಲ್ಲರಿಗೂ ಬೇಡ ಅಂತಲೂ ಅಲ್ಲ. ಪದೇ ಪದೇ ಬಂದು ಕೆಲಸ, ಊಟ, ಓಡಾಟ ಎಲ್ಲ ಕೆಟ್ಟಿದ್ದವರು ಆಪರೇಷನ್ ನಂತರ ಹೆಚ್ಚು ಆರಾಮಾಗಿದ್ದರು ಅಂತ ನೆದರ್ಲೆಂಡ್ಸ್, ಫಿನ್ಲೆಂಡಿನ ಅಧ್ಯಯನಗಳು ತೋರಿಸಿವೆ. ಆದರೆ ಕರುಳು ಕತ್ತರಿಸಿದ ಮೇಲೂ ಕೆಲವರಿಗೆ ಕಾಯಿಲೆ ಮತ್ತೆ ಬರುತ್ತದೆ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಿಡ್ನಿ ಕಸಿ ಆದವರು, ಸ್ಟೀರಾಯ್ಡ್ ತೆಗೆದುಕೊಳ್ಳುವವರ ಲೆಕ್ಕವೇ ಬೇರೆ. ಔಷಧಿಗಳಿಂದ ರೋಗನಿರೋಧಕ ಶಕ್ತಿ ಕುಗ್ಗಿರುವ ಅವರಲ್ಲಿ ನೋವು, ಜ್ವರ ಗೊತ್ತಾಗದಂತೆಯೇ ಕಾಯಿಲೆ ಕೈಮೀರಬಹುದು.

'ಬೀಜ ತಿನ್ನಬಾರದಾ? ಟೊಮೆಟೊ, ಕಡ್ಲೆಕಾಯಿ?' ತಿನ್ನಿ. 47 ಸಾವಿರ ಗಂಡಸರನ್ನು ಗಮನಿಸಿ 2008ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಬೀಜ, ಪಾಪ್‌ಕಾರ್ನ್‌ಗಳಿಂದ ಈ ಕಾಯಿಲೆ ಹೆಚ್ಚಾಗಿರಲಿಲ್ಲ. ನಾನು ಕೇಳುವುದು ಬೇರೆ: ಮಂಡಿನೋವಿಗೆ ಏನು ನುಂಗುತ್ತಿದ್ದೀರಿ? ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೇಳಿ ತರುವ ಡೈಕ್ಲೋಫಿನಾಕ್, ಐಬುಪ್ರೊಫೆನ್ ಈ ಚೀಲಗಳು ತೂತಾಗುವ ಅಪಾಯ ಹೆಚ್ಚಿಸುತ್ತವೆ. ಹೃದಯಕ್ಕೆಂದು ಡಾಕ್ಟರ್ ಕೊಟ್ಟ ಆಸ್ಪಿರಿನ್ ಮಾತ್ರ ಕೇಳದೆ ನಿಲ್ಲಿಸಬೇಡಿ. ಸಿಗರೇಟು, ಹೊಟ್ಟೆಯ ಬೊಜ್ಜು ಕೂಡ ಈ ಕಾಯಿಲೆಗೆ ದಾರಿ.

ವಾಸಿಯಾಗಿ ಆರರಿಂದ ಎಂಟು ವಾರದ ನಂತರ ಕೊಲೊನೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ನಳಿಕೆಯಿಂದ ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆ, ಮಾಡಿಸಿ. ಆರಾಮಾಯ್ತಲ್ಲ ಅಂತ ತಪ್ಪಿಸಿಕೊಳ್ಳುವವರೇ ಜಾಸ್ತಿ. ಆದರೆ ಕರುಳಿನ ಕ್ಯಾನ್ಸರ್ ಕೂಡ ತೂತಾಗಿ ಸ್ಕ್ಯಾನಿನಲ್ಲಿ ಹೀಗೇ ಕಾಣಬಹುದು.

ಮತ್ತೆ ತೋರಿಸಲು ಬಂದಾಗ ನಾಚಿಕೊಂಡು ಯಾರೂ ತಾವಾಗಿ ಹೇಳದ ವಿಷಯ ಒಂದಿದೆ. ನಾನೇ ಕೇಳುತ್ತೇನೆ, 'ಮೂತ್ರದ ಜೊತೆ ಗಾಳಿ ಬರುತ್ತಾ? ಪದೇ ಪದೇ ಉರಿಮೂತ್ರ?' ಹೌದು ಅಂದರೆ ಕರುಳಿಗೂ ಮೂತ್ರಚೀಲಕ್ಕೂ ನಡುವೆ ದಾರಿ ಆಗಿರುವ ಅನುಮಾನ. ಆಂಟಿಬಯಾಟಿಕ್ ಕೊಟ್ಟರೆ ಉರಿ ಇಳಿಯುತ್ತದೆ, ದಾರಿ ಮುಚ್ಚುವುದು ಅಪರೂಪ. ಆಗ ನಾನೇ ಆಪರೇಷನ್ ಮಾತು ಎತ್ತುತ್ತೇನೆ.