ಒಂದು ಗುಂಡಿ, ನಾಲ್ಕು ಲೆಕ್ಕದ ಪುಸ್ತಕ

ಫೈಬರ್ ಅಂದ ಕೂಡಲೇ ಎಲ್ಲರೂ ಬೆಳಕು, ವೇಗ, ಗಿಗಾಬಿಟ್ ಅಂತ ಶುರು ಮಾಡುತ್ತಾರೆ. ನಾನು ಗುಂಡಿಯಿಂದ ಶುರು ಮಾಡುತ್ತೇನೆ. ದುಡ್ಡು ಹೋಗುವುದು ಅಲ್ಲಿಗೇ ತಾನೇ.

ಕೂದಲೆಳೆಯಷ್ಟು ಸಣ್ಣ ಗಾಜಿನ ದಾರ ಅಗ್ಗ. ಅದನ್ನು ನೆಲದೊಳಗೆ ಇಳಿಸುವುದು ಅಗ್ಗವಲ್ಲ. ರಸ್ತೆ ಕತ್ತರಿಸಬೇಕು, ಅಗೆಯಬೇಕು, ಮೊದಲೇ ಇರುವ ನೀರಿನ ಪೈಪು ಒಡೆಯದ ಹಾಗೆ ನೋಡಿಕೊಳ್ಳಬೇಕು, ಪ್ಲಾಸ್ಟಿಕ್ ಕೊಳವೆ ಮಲಗಿಸಬೇಕು, ಮುಚ್ಚಿ ಮತ್ತೆ ಡಾಂಬರು ಹಾಕಬೇಕು, ಇಷ್ಟೆಲ್ಲದಕ್ಕೂ ಮುಂಚೆ ಅನುಮತಿ ಪತ್ರ ಹಿಡಿದು ಹತ್ತು ಟೇಬಲ್ ಸುತ್ತಿರಬೇಕು. 2014ರಲ್ಲಿ ಯುರೋಪಿಯನ್ ಒಕ್ಕೂಟ ಈ ಖರ್ಚು ತಗ್ಗಿಸಲೆಂದೇ ಒಂದು ನಿರ್ದೇಶನ ತಂದಿತು. ಆಗ ಅಲ್ಲಿನ ಆಯೋಗ ಕೊಟ್ಟ ಅಂದಾಜು ಏನು ಗೊತ್ತಾ? ಜಾಲ ಕಟ್ಟುವ ಖರ್ಚಿನಲ್ಲಿ 80%ವರೆಗೆ ಬರೀ ಸಿವಿಲ್ ಕೆಲಸಕ್ಕೆ ಹೋಗಬಹುದು.

ಈಗ ಯಾವುದೋ ಒಂದು ಊರನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ನೀರಿನ ಇಲಾಖೆಗೆ ದೂರದ ಪಂಪ್‌ಗಳ ಮೇಲೆ ಕಣ್ಣಿಡಬೇಕು. ಆಸ್ಪತ್ರೆಗೆ ಸ್ಕ್ಯಾನ್ ಚಿತ್ರ ಕಳಿಸಬೇಕು. ಶಾಲೆಗಳಿಗೆ ಇಂಟರ್‌ನೆಟ್ ಬೇಕು. ಟ್ರಾಫಿಕ್ ಸಿಗ್ನಲ್‌ಗಳು ಒಂದಕ್ಕೊಂದು ಮಾತಾಡಿಕೊಳ್ಳಬೇಕು. ನಾಲ್ಕೂ ಹೆಚ್ಚುಕಮ್ಮಿ ಅದೇ ರಸ್ತೆಯ ಅಕ್ಕಪಕ್ಕದಲ್ಲಿವೆ. ಆದರೂ ಒಬ್ಬೊಬ್ಬರೂ ಬೇರೆ ಬೇರೆ ಲೈನ್ ಬಾಡಿಗೆಗೆ ಹಿಡಿದು ತಿಂಗಳು ತಿಂಗಳು ಬಿಲ್ ಕಟ್ಟುತ್ತಾರೆ, ಇಲ್ಲವೇ ಒಬ್ಬರು ಮುಚ್ಚಿ ಹೋದ ಮೇಲೆ ಇನ್ನೊಬ್ಬರು ಬಂದು ಅಗೆಯುತ್ತಾರೆ. ದುಡ್ಡು ಬರುವುದು ಮಾತ್ರ ಅದೇ ಜನರ ಜೇಬಿನಿಂದ.

ಒಂದು ಕೇಬಲ್‌ನಲ್ಲಿ 24 ಎಳೆ ಇರಬಹುದು, 144 ಇರಬಹುದು, 864 ಕೂಡ ಇರಬಹುದು. 24ರ ಬದಲು 144 ಎಳೆಯದ್ದು ಹಾಕಿದರೆ ಕೇಬಲ್‌ನ ಬೆಲೆ ಏರುತ್ತದೆ, ನಿಜ. ಗುಂಡಿಯ ಬೆಲೆ ಚೂರೂ ಏರುವುದಿಲ್ಲ. ಹಾಗಿದ್ದ ಮೇಲೆ ನಾಲ್ಕು ಇಲಾಖೆ ಕೂಡಿ ಒಂದೇ ಸಲ ಅಗೆದರೆ ಆಯಿತು, ಅಲ್ವಾ? ಆಯಿತು. ಆದರೆ ಯಾರು ಎಷ್ಟು ಕೊಡಬೇಕು ಅನ್ನುವಲ್ಲಿ ಗಾಡಿ ನಿಲ್ಲುತ್ತದೆ.

ಅದಕ್ಕೆ ಬರುವ ಮುಂಚೆ ಗಾಜಿನ ಬಗ್ಗೆ ಎರಡು ಮಾತು. ಈ ವಸ್ತುವನ್ನು ಹಂಚಿಕೊಳ್ಳುವುದು ಯಾಕೆ ಇಷ್ಟು ಸುಲಭ ಅನ್ನುವುದು ಅದರ ಭೌತಶಾಸ್ತ್ರದಲ್ಲೇ ಇದೆ.

ಎಳೆಯ ನಡುವಿನ ತಿರುಳು ಸುಮಾರು 9 ಮೈಕ್ರೋಮೀಟರ್. ಸುತ್ತಲಿನ ಗಾಜಿನ ಕವಚ ಸೇರಿದರೆ 125 ಮೈಕ್ರೋಮೀಟರ್. ತಿರುಳಿನ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಎಷ್ಟು ಬಾಗಿಸುತ್ತದೆ ಅನ್ನುವ ಅಳತೆ, ಕವಚದ್ದಕ್ಕಿಂತ ಒಂಚೂರು ಜಾಸ್ತಿ. ಅಷ್ಟಕ್ಕೇ ಬೆಳಕು ಹೊರಗೆ ಜಾರದೆ ಒಳಗೇ ಉಳಿದು ಮುಂದೆ ಹೋಗುತ್ತದೆ. 1966ರಲ್ಲಿ ಚಾರ್ಲ್ಸ್ ಕಾವೊ ಮತ್ತು ಜಾರ್ಜ್ ಹಾಕ್‌ಹ್ಯಾಮ್ ಒಂದು ಮಾತು ಹೇಳಿದರು: ಗಾಜು ಬೆಳಕನ್ನು ನುಂಗುವುದು ಗಾಜಿನ ತಪ್ಪಲ್ಲ, ಅದರೊಳಗಿನ ಕಲ್ಮಶದ ತಪ್ಪು. ನಷ್ಟವನ್ನು ಕಿಲೋಮೀಟರಿಗೆ 20 ಡೆಸಿಬೆಲ್‌ಗೆ ಇಳಿಸಿದರೆ ಸಾಕು, ಕೆಲಸಕ್ಕೆ ಬರುತ್ತದೆ. 20 ಡೆಸಿಬೆಲ್ ಅಂದರೆ ಒಂದು ಕಿಲೋಮೀಟರ್ ದಾಟಿದ ಮೇಲೆ ನೂರರಲ್ಲಿ ಒಂದು ಪಾಲು ಬೆಳಕು ಉಳಿಯುವುದು. 1970ರಲ್ಲಿ ಕಾರ್ನಿಂಗ್ ಕಂಪನಿಯ ಮೂವರು, ಮೌರರ್, ಕೆಕ್ ಮತ್ತು ಶುಲ್ಟ್ಸ್, ಆ ಗೆರೆ ದಾಟಿದರು. ಕಾವೊಗೆ 2009ರಲ್ಲಿ ನೊಬೆಲ್ ಬಂತು. ಇವತ್ತಿನ ಎಳೆಯಲ್ಲಿ 1550 ನ್ಯಾನೋಮೀಟರ್ ತರಂಗದೂರದ ಬೆಳಕಿಗೆ ಆಗುವ ನಷ್ಟ ಕಿಲೋಮೀಟರಿಗೆ 0.2 ಡೆಸಿಬೆಲ್ ಆಸುಪಾಸು. ಅಂದು 1 ಕಿಲೋಮೀಟರಿಗೆ ಉಳಿಯಲಿ ಎಂದು ಬೇಡಿಕೊಂಡಿದ್ದಷ್ಟು ಬೆಳಕು ಇಂದು 100 ಕಿಲೋಮೀಟರ್ ಆದ ಮೇಲೂ ಉಳಿದಿರುತ್ತದೆ.

ಇದರಿಂದ ಇಲಾಖೆಗಳಿಗೆ ಏನು ಲಾಭ? ಒಂದು ಊರಿನ ಜಾಲ ಹತ್ತಿಪ್ಪತ್ತು ಕಿಲೋಮೀಟರ್ ಇರುತ್ತದೆ. ಅಷ್ಟು ದೂರಕ್ಕೆ ನಡುವೆ ಎಲ್ಲೂ ಕರೆಂಟ್ ಬೇಡ, ಬೆಳಕನ್ನು ಜೋರು ಮಾಡುವ ಪೆಟ್ಟಿಗೆ ಬೇಡ. ಮಣ್ಣಿನೊಳಗೆ ಸುಮ್ನೆ ಗಾಜು ಮಲಗಿರುತ್ತದೆ. ಬುದ್ಧಿಯೆಲ್ಲ ಎರಡು ತುದಿಯ ಯಂತ್ರಗಳಲ್ಲಿ. ನೀರಿನ ಪೈಪನ್ನು ಇಬ್ಬರು ಹಂಚಿಕೊಂಡರೆ ನೀರು ಬೆರೆಯುತ್ತದೆ. ಫೈಬರ್ ಕೇಬಲ್ ಹಾಗಲ್ಲ. ಪಕ್ಕದ ಎಳೆಯಲ್ಲಿ ಆಸ್ಪತ್ರೆಯ ರೋಗಿಗಳ ವಿವರ ಓಡುತ್ತಿದ್ದರೂ ಶಾಲೆಯ ಎಳೆಗೆ ಅದರ ಸುಳಿವೂ ಇರುವುದಿಲ್ಲ. ಶಾಲೆ ತನ್ನ ತುದಿಯಲ್ಲಿ ಹಳೆಯ ಯಂತ್ರ ಇಟ್ಟುಕೊಂಡಿರಲಿ, ಆಸ್ಪತ್ರೆ ಹತ್ತು ಪಟ್ಟು ವೇಗದ್ದು ತರಲಿ, ಒಬ್ಬರಿಗೊಬ್ಬರು ಕೇಳಬೇಕಾಗಿಲ್ಲ. ಇನ್ನೊಂದು ವಿಷಯ, ಗಾಜಿನಲ್ಲಿ ವಿದ್ಯುತ್ ಹರಿಯುವುದಿಲ್ಲ. ಹಾಗಾಗಿ ಹೈ ಟೆನ್ಷನ್ ತಂತಿಯ ಪಕ್ಕದಲ್ಲೇ ಎಳೆದರೂ ತೊಂದರೆಯಿಲ್ಲ. ಎಷ್ಟೋ ವಿದ್ಯುತ್ ಗೋಪುರಗಳ ತುದಿಯಲ್ಲಿ ಸಿಡಿಲು ತಡೆಯಲು ಇರುವ ತಂತಿಯ ಹೊಟ್ಟೆಯೊಳಗೇ ಫೈಬರ್ ಇರುತ್ತದೆ. ಟೋಕಿಯೊದಲ್ಲಂತೂ 1980ರ ದಶಕದಿಂದ ಒಳಚರಂಡಿಯೊಳಗೆ ಫೈಬರ್ ಹಾಯಿಸುತ್ತಾ ಬಂದಿದ್ದಾರೆ. ಗುಂಡಿ ಮೊದಲೇ ಇತ್ತು, ಅಷ್ಟೇ!

ಬೆಳಕು ಹಾಯಿಸದೆ ಖಾಲಿ ಬಿಟ್ಟ ಎಳೆಗೆ ಈ ಕಸುಬಿನವರು ಡಾರ್ಕ್ ಫೈಬರ್ ಅನ್ನುತ್ತಾರೆ. ಕೆನಡಾದಲ್ಲಿ ಸಂಶೋಧನಾ ಜಾಲ ನಡೆಸುವ ಕ್ಯಾನರಿ ಎಂಬ ಸಂಸ್ಥೆ ಇದನ್ನು ಕೂಡಿ ಕಟ್ಟುವ ಪದ್ಧತಿಗೆ ಕಾಂಡೋಮಿನಿಯಂ ಫೈಬರ್ ಅನ್ನುವ ಹೆಸರನ್ನು ಬಳಕೆಗೆ ತಂದಿತು. ಅಪಾರ್ಟ್‌ಮೆಂಟ್ ಲೆಕ್ಕ. ನಿಮ್ಮ ಎಳೆಗಳು ನಿಮ್ಮ ಮನೆ, ಕೇಬಲ್ ಮತ್ತು ಗುಂಡಿ ಎಲ್ಲರ ಮೆಟ್ಟಿಲು. ಕ್ವಿಬೆಕ್ ಪ್ರಾಂತ್ಯದಲ್ಲಿ ಶಾಲಾ ಮಂಡಳಿಗಳು ಮತ್ತು ಊರಾಡಳಿತಗಳು ಹೀಗೇ ಕೂಡಿ ಹಳ್ಳಿಹಳ್ಳಿಗೆ ಫೈಬರ್ ಎಳೆದವು, 2000ದ ದಶಕದ ಶುರುವಿನಲ್ಲಿ ಸರ್ಕಾರ ಅದಕ್ಕೆಂದೇ ಅನುದಾನ ಕೊಟ್ಟಿತು. ಸ್ಟಾಕ್‌ಹೋಮ್ ಬೇರೆ ದಾರಿ ಹಿಡಿಯಿತು. 1994ರಲ್ಲಿ ನಗರವೇ ಸ್ಟೊಕಾಬ್ ಎಂಬ ಕಂಪನಿ ಕಟ್ಟಿ, ಒಂದು ಜಾಲ ಹಾಕಿ, ಕೇಳಿದವರಿಗೆಲ್ಲ ಡಾರ್ಕ್ ಫೈಬರ್ ಬಾಡಿಗೆಗೆ ಕೊಡತೊಡಗಿತು.

ಸರಿ, ಈಗ ಜಗಳಕ್ಕೆ ಬರೋಣ.

ಲೆಕ್ಕ ಸುಲಭವಾಗಲಿ ಅಂತ ಸಿಗ್ನಲ್‌ಗಳನ್ನು ಬಿಟ್ಟು ಮೂವರನ್ನಷ್ಟೇ ತೆಗೆದುಕೊಳ್ಳೋಣ. ಒಂದೇ ರಸ್ತೆ. ಶುರುವಿನಿಂದ 2 ಕಿಲೋಮೀಟರಿಗೆ ಪಂಪ್‌ಹೌಸ್, 5ಕ್ಕೆ ಆಸ್ಪತ್ರೆ, 9ಕ್ಕೆ ಶಾಲೆ. ಒಂದು ಕಿಲೋಮೀಟರ್ ಅಗೆಯಲು 6 ಪಾಲು ದುಡ್ಡು ಅಂದುಕೊಳ್ಳಿ. ಬೇರೆ ಬೇರೆಯಾಗಿ ಅಗೆದರೆ ನೀರಿನವರಿಗೆ 12, ಆಸ್ಪತ್ರೆಗೆ 30, ಶಾಲೆಗೆ 54. ಒಟ್ಟು 96. ಕೂಡಿ ಅಗೆದರೆ ಬರೀ 54. ಈ 54ನ್ನು ಮೂರು ಸಮ ಭಾಗ ಮಾಡಿ ತಲಾ 18 ಕೊಡಿ ಅಂದರೆ ನೀರಿನವರು ಕುರ್ಚಿ ಬಿಟ್ಟು ಎದ್ದು ಹೋಗುತ್ತಾರೆ. ಅವರಿಗೆ ಒಂಟಿಯಾಗಿದ್ದರೇ 12ರಲ್ಲಿ ಮುಗಿಯುತ್ತಿತ್ತು!

ಇದೇ ಲೆಕ್ಕವನ್ನು 1973ರಲ್ಲಿ ಲಿಟಲ್‌ಚೈಲ್ಡ್ ಮತ್ತು ಓವೆನ್ ಎಂಬಿಬ್ಬರು ವಿಮಾನ ನಿಲ್ದಾಣಕ್ಕೆ ಮಾಡಿದ್ದರು. ಸಣ್ಣ ವಿಮಾನಕ್ಕೆ ಚಿಕ್ಕ ರನ್‌ವೇ ಸಾಕು, ದೊಡ್ಡದಕ್ಕೆ ಉದ್ದ ಬೇಕು. ಹಾಗಾದರೆ ಯಾರಿಂದ ಎಷ್ಟು ಶುಲ್ಕ? ಉತ್ತರ ತುಂಬಾ ಸರಳ. ರನ್‌ವೇಯ ಒಂದೊಂದು ತುಂಡಿನ ಖರ್ಚನ್ನೂ ಆ ತುಂಡು ಬೇಕಾದವರಷ್ಟೇ ಸಮನಾಗಿ ಹಂಚಿಕೊಳ್ಳಿ. ಇದನ್ನೇ ನಮ್ಮ ರಸ್ತೆಗೆ ಹಾಕಿ. ಮೊದಲ 2 ಕಿಲೋಮೀಟರ್ ಮೂವರಿಗೂ ಬೇಕು, 12 ಪಾಲು, ತಲಾ 4. ಮುಂದಿನ 3 ಕಿಲೋಮೀಟರ್ ಇಬ್ಬರಿಗೆ, 18 ಪಾಲು, ತಲಾ 9. ಕೊನೆಯ 4 ಶಾಲೆಗೆ ಮಾತ್ರ, 24. ನೀರಿನವರು 4, ಆಸ್ಪತ್ರೆ 13, ಶಾಲೆ 37. ಕೂಡಿಸಿ ನೋಡಿ, 54. ಒಬ್ಬೊಬ್ಬರೂ ಒಂಟಿಯಾಗಿ ಕೊಡಬೇಕಿದ್ದಕ್ಕಿಂತ ಕಡಿಮೆಯೇ ಕೊಟ್ಟಿದ್ದಾರೆ.

ಮಜಾ ಏನೆಂದರೆ, ಲಾಯ್ಡ್ ಶಾಪ್ಲಿ ಎಂಬ ಗಣಿತಜ್ಞ 1953ರಲ್ಲಿ ಕೊಟ್ಟ ಹಂಚಿಕೆಯ ಸೂತ್ರದಿಂದ ಹೊರಟರೂ ಬಂದು ನಿಲ್ಲುವುದು ಇಲ್ಲಿಗೇ. ಅವನ ದಾರಿ ಬೇರೆ: ಮೂವರೂ ಒಬ್ಬರ ಹಿಂದೆ ಒಬ್ಬರು ಬಂದು ಸೇರುತ್ತಾರೆ, ಬಂದವರು ತಾವು ಬಂದಿದ್ದರಿಂದ ಹೆಚ್ಚಾದ ಖರ್ಚನ್ನಷ್ಟೇ ಕೊಡುತ್ತಾರೆ, ಹೀಗೆ ಬರಬಹುದಾದ ಎಲ್ಲ ಸರದಿಗಳ ಸರಾಸರಿ ತೆಗೆಯಿರಿ. ಮೂವರಿಗೆ ಆರು ಸರದಿ. ಕಾಗದ ಪೆನ್ನು ಇದ್ದರೆ ನೀವೇ ಮಾಡಿ ನೋಡಬಹುದು.

ಆದರೂ ನನಗೊಂದು ಕಿರಿಕಿರಿ. 37 ಪಾಲು ಶಾಲೆಯ ತಲೆ ಮೇಲೆ. ಸಾಮಾನ್ಯವಾಗಿ ಕೈಯಲ್ಲಿ ಕಡಿಮೆ ದುಡ್ಡು ಇರುವುದೂ ಅದಕ್ಕೇ. ಗಣಿತದ ಕಣ್ಣಿಗೆ ದೂರ ಕಾಣುತ್ತದೆ, ಬಡತನ ಕಾಣುವುದಿಲ್ಲ. ಅದಕ್ಕೇ ಇನ್ನೊಂದು ಹಳೆಯ ಪದ್ಧತಿ ನನಗೆ ಹೆಚ್ಚು ಹಿಡಿಸುತ್ತದೆ. ಅದು ಫೈಬರ್‌ನಿಂದ ಬಂದಿದ್ದಲ್ಲ, ಅಣೆಕಟ್ಟಿನಿಂದ ಬಂದಿದ್ದು. 1933ರಲ್ಲಿ ಅಮೆರಿಕದಲ್ಲಿ ಟೆನೆಸ್ಸಿ ಕಣಿವೆ ಪ್ರಾಧಿಕಾರ ಶುರುವಾಯಿತು. ಒಂದೇ ಅಣೆಕಟ್ಟಿನಿಂದ ಪ್ರವಾಹ ತಡೆಯಬೇಕು, ದೋಣಿ ಓಡಬೇಕು, ಕರೆಂಟ್ ಬರಬೇಕು. ಕಾಂಕ್ರೀಟಿನ ಖರ್ಚನ್ನು ಯಾರ ಲೆಕ್ಕಕ್ಕೆ ಬರೆಯುವುದು? ಈ ತಲೆನೋವಿನಿಂದ ಬೆಳೆದು ಬಂದ ವಿಧಾನ ಹೀಗಿದೆ: ನೀವಿಲ್ಲದಿದ್ದರೆ ಎಷ್ಟು ಉಳಿಯುತ್ತಿತ್ತೋ ಅಷ್ಟನ್ನು ಮೊದಲು ನೀವು ಕೊಡಿ. ಮಿಕ್ಕ ಖರ್ಚನ್ನು ಯಾರಿಗೆ ಎಷ್ಟು ಲಾಭ ಉಳಿಯಿತು ಅನ್ನುವುದರ ಮೇಲೆ ಹಂಚಿ. ಬೇರೆ ದಾರಿಯಲ್ಲಿ ಅಗ್ಗವಾಗಿ ಸಿಗುವಂತಿದ್ದರೆ ಲಾಭವನ್ನು ಅದಕ್ಕಿಂತ ಜಾಸ್ತಿ ಎಂದು ಬರೆಯುವ ಹಾಗಿಲ್ಲ.

ಅದೇ ಕಣಿವೆಯಲ್ಲಿ ಚಟ್ಟನೂಗ ಎಂಬ ಊರಿದೆ. ಅಲ್ಲಿನ ನಗರದ್ದೇ ವಿದ್ಯುತ್ ಸಂಸ್ಥೆ ಸುಮಾರು 11 ಕೋಟಿ ಡಾಲರ್ ಕೇಂದ್ರ ಅನುದಾನ ಮತ್ತು ತನ್ನ ಸಾಲ ಸೇರಿಸಿ ಊರಿಗೆಲ್ಲ ಫೈಬರ್ ಹಾಕಿತು. ಮೂಲ ಉದ್ದೇಶದಲ್ಲಿ ಅರ್ಧ ಕರೆಂಟ್‌ನದ್ದೇ. ಮರ ಬಿದ್ದು ಲೈನ್ ಹೋದರೆ ಸ್ವಿಚ್‌ಗಳು ತಾವೇ ಮಾತಾಡಿಕೊಂಡು ಕೆಟ್ಟ ತುಂಡನ್ನು ಬೇರ್ಪಡಿಸಬೇಕು. 2010ರಲ್ಲಿ ಅದೇ ಎಳೆಗಳ ಮೇಲೆ ಊರಿನ ಪ್ರತಿ ಮನೆಗೂ 1 ಗಿಗಾಬಿಟ್ ಇಂಟರ್‌ನೆಟ್ ಕೊಡಲು ತಯಾರಾದರು. ಕರೆಂಟ್ ಗ್ರಾಹಕರ ದುಡ್ಡಲ್ಲಿ ಇಂಟರ್‌ನೆಟ್ ನಡೆಸಬಾರದು ಎಂದು ಅಲ್ಲಿನ ಕಾನೂನು ಹೇಳುತ್ತದೆ. ಹಾಗಾಗಿ ಒಂದೇ ಎಳೆಗೆ ಎರಡು ಲೆಕ್ಕದ ಪುಸ್ತಕ.

ಎಲ್ಲ ಕಡೆ ಹೀಗೆ ಆಗಲಿಲ್ಲ. ಯೂಟಾ ರಾಜ್ಯದಲ್ಲಿ ಒಂದಷ್ಟು ಊರುಗಳು ಸೇರಿ ಯುಟೋಪಿಯ ಎಂಬ ಜಾಲ ಶುರು ಮಾಡಿದವು. 11 ಊರುಗಳು ತಮ್ಮ ಮಾರಾಟ ತೆರಿಗೆಯ ಆದಾಯವನ್ನೇ ಸಾಲಕ್ಕೆ ಒತ್ತೆ ಇಟ್ಟವು. ಅಂದುಕೊಂಡಷ್ಟು ಮನೆಗಳು ಚಂದಾದಾರರಾಗಲಿಲ್ಲ. ಸಾಲ ಕುತ್ತಿಗೆಗೆ ಬಂತು, ಚೇತರಿಸಿಕೊಳ್ಳಲು ವರ್ಷಗಳೇ ಹಿಡಿದವು. ಇದನ್ನು ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾ ಎಂಬ ಊರಿನ ಪಕ್ಕ ಇಟ್ಟು ನೋಡಿ. ಅಲ್ಲಿ 1998ರಲ್ಲಿ ಯೋಜನೆ ಮಾಡಿ, ನಗರ, ಶಾಲಾ ಮಂಡಳಿ ಮತ್ತು ಕಾಲೇಜು ಕೂಡಿ ಮೊದಲು ತಮ್ಮ ಕಟ್ಟಡಗಳಿಗಷ್ಟೇ ಫೈಬರ್ ಹಾಕಿಕೊಂಡರು. ಬಾಡಿಗೆ ಲೈನಿನಿಂದ ಉಳಿದ ದುಡ್ಡಲ್ಲಿ ಸ್ವಲ್ಪ ಸ್ವಲ್ಪವೇ ಬೆಳೆಸಿದರು. ನನ್ನ ಪ್ರಕಾರ ವ್ಯತ್ಯಾಸ ಇಷ್ಟೇ: ಸಾಂಟಾ ಮೋನಿಕಾದ ಗ್ರಾಹಕರು ಮೊದಲೇ ಬಿಲ್ ಕಟ್ಟುತ್ತಿದ್ದವರು, ಯುಟೋಪಿಯದ ಗ್ರಾಹಕರು ಮುಂದೆಂದೋ ಬರಬೇಕಾಗಿದ್ದವರು.

ಕೂಡಿ ಕಟ್ಟುವುದರಲ್ಲಿ ಇನ್ನೊಂದು ಬಲೆ ಇದೆ. 2001ರ ಜುಲೈನಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಹೋವರ್ಡ್ ಸ್ಟ್ರೀಟ್ ಸುರಂಗದಲ್ಲಿ ಗೂಡ್ಸ್ ರೈಲಿಗೆ ಬೆಂಕಿ ಬಿತ್ತು. ಹಲವು ಕಂಪನಿಗಳ ಫೈಬರ್ ಅದೇ ಸುರಂಗದಲ್ಲಿ ಹಾಯುತ್ತಿತ್ತು. ಒಟ್ಟಿಗೇ ಸುಟ್ಟವು. ಒಂದು ಕೆಟ್ಟರೆ ಇನ್ನೊಂದಿದೆ ಎಂದು ಎರಡು ಕಂಪನಿಯ ಲೈನ್ ಇಟ್ಟುಕೊಂಡು ನಿಶ್ಚಿಂತೆಯಾಗಿದ್ದವರಿಗೆ ಎರಡೂ ಒಂದೇ ಗುಂಡಿಯಲ್ಲಿವೆ ಅನ್ನುವುದು ಅವತ್ತೇ ಗೊತ್ತಾಗುವುದು. ಇದಕ್ಕೆ ಮದ್ದು ಜಾಲವನ್ನು ಉಂಗುರದ ಹಾಗೆ ಸುತ್ತಿಸುವುದು. ಒಂದು ಕಡೆ ಕಡಿದರೆ ಬೆಳಕು ಇನ್ನೊಂದು ಕಡೆಯಿಂದ ಸುತ್ತಿ ಬರುತ್ತದೆ. ಒಂಟಿ ಇಲಾಖೆಗೆ ಉಂಗುರ ದುಬಾರಿ. ನಾಲ್ವರು ಸೇರಿದರೆ ಕೈಗೆಟಕುತ್ತದೆ.

ಕಡಿಯುವುದಂತೂ ಖಂಡಿತ. ಯಾವನೋ ಜೆಸಿಬಿ ತಂದು ಅಗೆದೇ ಅಗೆಯುತ್ತಾನೆ. ಎಲ್ಲಿ ಕಡಿದಿದೆ ಅಂತ ಹುಡುಕುವುದು ಸುಲಭ. ಒಂದು ತುದಿಯಿಂದ ಬೆಳಕಿನ ಮಿಡಿತ ಬಿಟ್ಟು ಪ್ರತಿಫಲನ ಬರುವ ಹೊತ್ತನ್ನು ಅಳೆಯುವ ಯಂತ್ರವಿದೆ. ಗಾಜಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಪ್ರತಿ 10 ಮೈಕ್ರೋಸೆಕೆಂಡ್ ಅಂದರೆ ಒಂದು ಕಿಲೋಮೀಟರ್ ಹೋಗಿ ಬಂದ ಹಾಗೆ. ಅರ್ಧ ರಾತ್ರಿಯಲ್ಲೂ ಕೆಲವೇ ಮೀಟರ್ ಅಂತರದಲ್ಲಿ ಜಾಗ ತೋರಿಸಿಬಿಡುತ್ತದೆ. ಕಷ್ಟ ಇರುವುದು ಬೆಸೆಯುವುದರಲ್ಲಿ. 144 ಎಳೆ, 12 ಸಣ್ಣ ಟ್ಯೂಬ್, ಒಂದೊಂದರಲ್ಲಿ 12 ಎಳೆ. ಒಂದೊಂದೇ ಎಳೆ ಒರೆಸಿ, ಕತ್ತರಿಸಿ, ಎದುರುಬದುರು ಇಟ್ಟು ಕರಗಿಸಿ ಅಂಟಿಸುವಷ್ಟರಲ್ಲಿ ಬೆಳಗಾಗುತ್ತದೆ. ಟ್ಯೂಬ್‌ಗಳಿಗೆ ಬಣ್ಣದ ಸರದಿ ಇದೆ. ಅಮೆರಿಕದ ಕ್ರಮದಲ್ಲಿ ನೀಲಿ, ಕಿತ್ತಳೆ, ಹಸಿರು, ಕಂದು ಅಂತ ಹೋಗುತ್ತದೆ. ಯಾರ ಎಳೆಗಳನ್ನು ಮೊದಲು ಬೆಸೆಯಬೇಕು ಅನ್ನುವುದನ್ನು ಒಳ್ಳೆಯ ಒಪ್ಪಂದದಲ್ಲಿ ಮೊದಲೇ ಬರೆದಿರುತ್ತಾರೆ. ಸಾಮಾನ್ಯವಾಗಿ ಆಂಬುಲೆನ್ಸ್, ಪೊಲೀಸ್ ಮತ್ತು ಅಗ್ನಿಶಾಮಕದ ಕರೆಗಳಿಗೆ ಮೊದಲ ಸರದಿ, ಶಾಲೆಗೆ ಕೊನೆಯದು. ರಾತ್ರಿ ಎರಡು ಗಂಟೆಗೆ ಶಾಲೆಯಲ್ಲಿ ಯಾರೂ ಇರುವುದಿಲ್ಲ ನೋಡಿ. ಹಾಗಂತ 37 ಪಾಲು ಕೊಟ್ಟವರು ನೀಲಿ ಟ್ಯೂಬ್ ನಮಗೇ ಬೇಕು ಎಂದು ಹಟ ಹಿಡಿದರೆ ಆ ಸಭೆ ಸಂಜೆಯೊಳಗೆ ಮುಗಿಯುವುದಿಲ್ಲ.