ನಿಜಾಮನ ಸೀಮೆ ಆಳಿದ ಜನರಲ್ ಕೆನಡಾಕ್ಕ ಹೋಗಿದ್ದು ಹೆಂಗ?

ವರ್ಷಾ ಸೆಪ್ಟೆಂಬರ್ 17, ಅಂದ್ರ ನಿಜಾಮನ ಹೈದರಾಬಾದ್ ರಾಜ್ಯದಿಂದ ಬಿಡುಗಡೆ ಆದ ದಿನ ಬಂತಂದ್ರ ನಮ್ಮ ಕೊಪ್ಪಳ, ರಾಯಚೂರು ಕಡೆ ಧ್ವಜ ಏರಸ್ತಾರ, ಭಾಷಣ ಮಾಡ್ತಾರ, ಪಟೇಲರ ಹೆಸರು ಬರ್ತೈತಿ, ಮುಂಡರಗಿ ಶಿಬಿರ ನಡಿಸಿದ ಅಳವಂಡಿ ಶಿವಮೂರ್ತಿ ಸ್ವಾಮಿಗಳ ಹೆಸರೂ ಬರ್ತೈತಿ, ಬರಬೇಕಾದ್ದೇ. ಆದ್ರ ಟ್ಯಾಂಕ್ ತಗೊಂಡು ಹೈದರಾಬಾದಿಗೆ ನುಗ್ಗಿ ಆಮ್ಯಾಲ ವರ್ಷಕ್ಕಿಂತ ಹೆಚ್ಚು ಕಾಲ ನಮ್ಮನ್ನ ಆಳಿದ ಮೇಜರ್ ಜನರಲ್ ಜೆ.ಎನ್. ಚೌಧರಿ ಅನ್ನೋ ಬಂಗಾಲಿ ಯಾರು ಅಂತ ಕೇಳಿದ್ರ ಹೇಳೋರು ಸಿಗೋದು ಕಷ್ಟ. ಇವರೇ ಮುಂದ ದೇಶದ ಸೇನಾ ಮುಖ್ಯಸ್ಥ ಆದ್ರು, ರಿಟೈರ್ ಆದ ಮ್ಯಾಲ ಕೆನಡಾಕ್ಕ ಭಾರತದ ಹೈಕಮಿಷನರ್ ಆಗಿ ಹೋದ್ರು (ಕಾಮನ್‌ವೆಲ್ತ್ ದೇಶ ಅಂತ ಆ ಹೆಸರು, ಕೆಲಸ ಮಾತ್ರ ರಾಯಭಾರಿದೇ). ಜನರಲ್‌ಗೆ ಇಂಥಾ ಪೋಸ್ಟ್ ಕೊಟ್ರ ಅದು ಬಹುಮಾನ ಅಂತ ನಾವೆಲ್ಲಾ ತಿಳ್ಕೊಂತೀವಿ. ಹಿಂದಿನ ಲೆಕ್ಕ ತಗದು ನೋಡಿದ್ರ ಒಬ್ಬೊಬ್ಬರದು ಒಂದೊಂದು ಕತಿ ಐತಿ, ಕೆಲವರಿಗೆ ಬಹುಮಾನ, ಕೆಲವರಿಗೆ ಸಮಾಧಾನ, ಇನ್ನು ಕೆಲವರನ್ನ ದೆಹಲಿಯಿಂದ ಸ್ವಲ್ಪ ದೂರ ಇಟ್ರ ಚಲೋ ಅನ್ನೋ ಲೆಕ್ಕಾಚಾರ.

ಚೌಧರಿ ಹುಟ್ಟಿದ್ದು 1908ರಾಗ. ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಾಗ ಕಲ್ತು 1928ಕ್ಕ ಅಧಿಕಾರಿ ಆದ್ರು, ಎರಡನೇ ಮಹಾಯುದ್ಧದಾಗ ಆಫ್ರಿಕಾ, ಬರ್ಮಾ ಎರಡೂ ಕಡೆ ದುಡದ್ರು. 1948ರ ಸೆಪ್ಟೆಂಬರ್ 13ಕ್ಕ ಆಪರೇಷನ್ ಪೋಲೋ, ಅಂದ್ರ ಹೈದರಾಬಾದನ್ನ ಭಾರತಕ್ಕ ಸೇರಿಸೋ ಸೇನಾ ಕಾರ್ಯಾಚರಣೆ ಶುರು ಆದಾಗ ಸೊಲ್ಲಾಪುರದ ಕಡೆಯಿಂದ ಹೊಂಟ ಮೇನ್ ಪಡೆ ಇವರ ಕೈಯಾಗಿತ್ತು. ನಮ್ಮ ಕಡೆಯಿಂದನೂ ಸೈನ್ಯ ಬಂತು, ಆಗ ಹೊಸಪೇಟೆ ಬಳ್ಳಾರಿ ಜಿಲ್ಲಾದಾಗ, ಬಳ್ಳಾರಿ ಮದ್ರಾಸ್ ಪ್ರಾಂತ್ಯದಾಗ, ತುಂಗಭದ್ರಾ ದಾಟಿದ್ರ ನಿಜಾಮನ ರಾಜ್ಯ, ಹಂಗಾಗಿ ಆ ಸೇತುವೆ ಹಿಡಿಯೋದು ಭಾಳ ಮುಖ್ಯ ಇತ್ತು, ಹಿಡದ್ರು. 17ಕ್ಕ ನಿಜಾಮ ಕದನ ವಿರಾಮ ಅಂದ, 18ಕ್ಕ ಅವನ ಸೇನಾಪತಿ ಎಲ್ ಎದ್ರೂಸ್ ಬಂದು ಚೌಧರಿ ಮುಂದ ಶರಣಾದ. ನಾವು ಇವತ್ತಿಗೂ ಅದಕ್ಕ ಪೊಲೀಸ್ ಆಕ್ಷನ್ ಅಂತೀವಿ, ಬಂದದ್ದು ಮಾತ್ರ ಆರ್ಮರ್ಡ್ ಡಿವಿಷನ್!

ಆಮ್ಯಾಲ ಚೌಧರಿ ಮಿಲಿಟರಿ ಗವರ್ನರ್. 1949ರ ಕೊನೀತನಾ ಒಂದೂವರೆ ಕೋಟಿಗಿಂತ ಹೆಚ್ಚು ಜನ ಇದ್ದ ರಾಜ್ಯ ಅವರ ಕೈಯಾಗಿತ್ತು, ಅದರಾಗ ನಮ್ಮ ರಾಯಚೂರು ಜಿಲ್ಲಾನೂ ಒಂದು, ಕೊಪ್ಪಳ ಆಗ ಅದರಾಗೇ ಇತ್ತು, ಜಿಲ್ಲಾ ಆಗಿದ್ದು 1997ಕ್ಕ. ನಿಜಾಮ ಹೆಸರಿಗೆ ಇದ್ದ, ಫರ್ಮಾನು ಅವನ ಹೆಸರಿನ್ಯಾಗೇ ಬರ್ತಿತ್ತು, ನಡೀತಿದ್ದದ್ದು ಮಿಲಿಟರಿ ಗವರ್ನರ್ ಮಾತು. ಈ ಕಾಲದಾಗ ಆದ ದೊಡ್ಡ ಕೆಲಸ ಅಂದ್ರ 1949ರ ಆಗಸ್ಟ್‌ನಾಗ ಜಹಗೀರು, ಅಂದ್ರ ನಿಜಾಮ ದೊಡ್ಡ ಮನೆತನಗಳಿಗೆ ಬಿಟ್ಟುಕೊಟ್ಟ ಸೀಮೆ, ರದ್ದು ಮಾಡಿದ್ದು. ಕೊಪ್ಪಳದೋರಿಗೆ ಇದು ಮನಿ ಸುದ್ದಿ, ಯಾಕಂದ್ರ ಕೊಪ್ಪಳ ಸಾಲಾರ್‌ಜಂಗ್ ಮನೆತನದ ಜಹಗೀರು ಆಗಿತ್ತು. ನನ್ನ ಕೇಳಿದ್ರ ಟ್ಯಾಂಕ್ ಬಂದದ್ದಕ್ಕಿಂತ ಈ ಕಾಯ್ದೆನೇ ನಮ್ಮ ಹಳ್ಳಿಗಳಿಗೆ ದೊಡ್ಡದು, ಆದ್ರ ವೇದಿಕೆ ಮ್ಯಾಲ ಅದನ್ನ ಯಾರೂ ನೆನಸಂಗಿಲ್ಲ.

ಇನ್ನೊಂದು ಮಾತು ಮುಚ್ಚಿಡಬಾರದು. ಸೈನ್ಯ ಬಂದ ಮ್ಯಾಲ ಕಲಬುರಗಿ, ಬೀದರ, ಉಸ್ಮಾನಾಬಾದ್, ನಾಂದೇಡ್ ಕಡೆ ಮುಸ್ಲಿಮರ ಮ್ಯಾಲ ಭೀಕರ ದಾಳಿ ಆದ್ವು, ನೆಹರು ಕಳಿಸಿದ ಪಂಡಿತ್ ಸುಂದರ್‌ಲಾಲ್ ಸಮಿತಿ 27 ಸಾವಿರದಿಂದ 40 ಸಾವಿರ ಜನ ಸತ್ತಿರಬೇಕು ಅಂತ ಬರೀತು. ಆ ವರದಿ ಎಷ್ಟೋ ದಶಕ ಕಪಾಟಿನ್ಯಾಗೇ ಉಳೀತು. ನಿಜಾಮನ ಪರ ನಿಂತ ರಜಾಕಾರರ ಸಶಸ್ತ್ರ ಪಡೆಯ ಹಾವಳಿ ಖರೇ, ಅದರ ಬೆನ್ನಿಗೆ ಬಂದ ಈ ಸೇಡೂ ಖರೇ, ಚೌಧರಿ ಆಡಳಿತದ ಲೆಕ್ಕ ಬರಿಯೋರು ಎರಡನ್ನೂ ಬರೀಬೇಕಾಗ್ತೈತಿ.

ಅಷ್ಟೊತ್ತಿಗೆ ದೆಹಲಿ ಜನರಲ್‌ಗಳನ್ನ ಹೊರಗ ಕಳಿಸೋ ರೂಢಿ ಶುರು ಮಾಡಿತ್ತು. ಮೊದಲನೇದು ನಮ್ಮ ಕೊಡಗಿನ ಕಾರ್ಯಪ್ಪನವರು, 1953ಕ್ಕ ರಿಟೈರ್ ಆದ ಕೂಡ್ಲೆ ಆಸ್ಟ್ರೇಲಿಯಾ ಮತ್ತ ನ್ಯೂಜಿಲೆಂಡ್‌ಗೆ ಹೈಕಮಿಷನರ್, 1956ರ ತನಕ. ಸ್ವತಂತ್ರ ದೇಶಕ್ಕ ರಾಯಭಾರಿಗಳು ಬೇಕಿದ್ರು, ವಿದೇಶಾಂಗ ಸೇವೆ ಅನ್ನೋದು 1946ರಾಗ ಹುಟ್ಟಿದ ಕೂಸು, ಅನುಭವದೋರು ಕಡಿಮಿ, ಅದೊಂದು ಕಾರಣ. ಎರಡನೇದನ್ನ ಯಾರೂ ಬಾಯಿಬಿಟ್ಟು ಹೇಳಿರಂಗಿಲ್ಲ, ಆದ್ರ 1958ಕ್ಕ ಪಕ್ಕದ ಪಾಕಿಸ್ತಾನದಾಗ ಅಯೂಬ್ ಖಾನ್ ಅಧಿಕಾರ ಕಸ್ಕೊಂಡ ಮ್ಯಾಲ ಹೆಸರಾದ ಜನರಲ್ ಅಂದ್ರ ನಮ್ಮ ರಾಜಕಾರಣಿಗಳಿಗೆ ಒಂಚೂರು ಅಳುಕು ಇದ್ದೇ ಇತ್ತು. ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಜೋಡಿ ಜಗಳಾಡಿ 1959ಕ್ಕ ರಾಜೀನಾಮೆ ಕೊಟ್ಟು ವಾಪಸ್ ತಗೊಂಡ ಸೇನಾ ಮುಖ್ಯಸ್ಥ ತಿಮ್ಮಯ್ಯನವರಿಗೆ ರಾಯಭಾರಿ ಪೋಸ್ಟ್ ಸಿಗಲಿಲ್ಲ, ವಿಶ್ವಸಂಸ್ಥೆ ಕರದು ಸೈಪ್ರಸ್ ಶಾಂತಿ ಪಡೆ ಕೊಡ್ತು, ಅಲ್ಲೇ 1965ಕ್ಕ ತೀರಿಹೋದ್ರು. ಚೀನಾ ಯುದ್ಧದಾಗ ಸೋತು ಕುರ್ಚಿ ಬಿಟ್ಟ ಜನರಲ್ ಥಾಪರ್ ಮಾತ್ರ 1964ಕ್ಕ ಅಫ್ಘಾನಿಸ್ತಾನಕ್ಕ ರಾಯಭಾರಿ! ಇದಕ್ಕ ಬಹುಮಾನ ಅಂತ ಹೆಂಗ ಅನ್ನೋದು ಹೇಳ್ರಿ.

ಥಾಪರ್ ಬಿಟ್ಟ ಕುರ್ಚಿಗೆ 1962ರ ನವೆಂಬರ್‌ನಾಗ ಬಂದೋರೇ ಚೌಧರಿ. ಅದಕ್ಕೂ ಮೊದಲ ಸದರ್ನ್ ಕಮಾಂಡ್ ಮುಖ್ಯಸ್ಥರಾಗಿ 1961ರ ಗೋವಾ ಕಾರ್ಯಾಚರಣೆ ನೋಡ್ಕೊಂಡಿದ್ರು. 1964ಕ್ಕ ನೆಹರು ತೀರಿಕೊಂಡಾಗ ಜನಸಂದಣಿ ಸಂಬಾಳ್ಸಾಕ ದೆಹಲಿಗೆ ಸೈನಿಕರನ್ನ ಕರಿಸಿದ್ರು, ಅಷ್ಟಕ್ಕೇ ಸೇನಾ ಕ್ರಾಂತಿ ಮಾಡಾಕ ಹೊಂಟಾರೇನೋ ಅನ್ನೋ ಗುಸುಗುಸು ಎದ್ದು ಸರ್ಕಾರಕ್ಕ ಉತ್ತರ ಕೊಡಬೇಕಾತು. ಒಂದು ಇಡೀ ರಾಜ್ಯ ಆಳಿ ಬಂದ ಜನರಲ್ ಅಂದ್ರ ಅನುಮಾನ ಇನ್ನೂ ಲಗೂ ಹತ್ತತೈತಿ ಅಂತ ನನ್ನ ಅಂದಾಜು. 1965ರ ಯುದ್ಧದ ಕೊನೀಗೆ ಮದ್ದುಗುಂಡು ಮುಗಿಯಾಕ ಬಂದೈತಿ ಅಂತ ಪ್ರಧಾನಿ ಶಾಸ್ತ್ರಿಗೆ ಹೇಳಿದ್ರಂತ, ಆಮ್ಯಾಲ ಲೆಕ್ಕ ಹಾಕಿದ್ರ ಖರ್ಚಾಗಿದ್ದು ಶೇಕಡಾ 14 ಅಷ್ಟ ಅಂತ, ರಕ್ಷಣಾ ಮಂತ್ರಿ ಚವಾಣರ ಕಾರ್ಯದರ್ಶಿ ಆಗಿದ್ದ ಆರ್.ಡಿ. ಪ್ರಧಾನ್ ಬರದಾರ. ಈ ಮಾತು ಅವರ ಹೆಸರಿಗೆ ಅಂಟಿದ್ದು ಇವತ್ತಿಗೂ ಹೋಗಿಲ್ಲ.

1966ರ ಜೂನ್‌ಗೆ ರಿಟೈರ್, ಅದೇ ವರ್ಷ ಕೆನಡಾ. ಆಗ ಕೆನಡಾ ಅಂದ್ರ ಸಣ್ಣ ಪೋಸ್ಟ್ ಅಲ್ಲ, ನಮ್ಮ ದೇಶದಾಗ ಬರಗಾಲ ಬಿದ್ದಿತ್ತು, ಅಲ್ಲಿಂದ ಗೋಧಿ ಬರ್ತಿತ್ತು, ರಾಜಸ್ಥಾನದ ಅಣುವಿದ್ಯುತ್ ಸ್ಥಾವರಕ್ಕ ಅವರದೇ ರಿಯಾಕ್ಟರ್. 1969ರ ತನಕ ಇದ್ರು, ಆಮ್ಯಾಲ ಅಲ್ಲೇ ಮೆಕ್‌ಗಿಲ್ ಯೂನಿವರ್ಸಿಟಿಯಾಗ ಪಾಠ ಹೇಳಿದ್ರು, 1983ಕ್ಕ ತೀರಿಕೊಂಡ್ರು. ಮುಂದ ಸೇನಾ ಮುಖ್ಯಸ್ಥರಾಗಿದ್ದ ಜನರಲ್ ರೈನಾ ಕೂಡ ಕೆನಡಾಕ್ಕೇ ಹೋಗಿ ಹುದ್ದೆಯಾಗಿದ್ದಾಗಲೇ 1980ಕ್ಕ ಸತ್ರು, ಜನರಲ್ ಮಲ್ಹೋತ್ರಾ ಇಂಡೋನೇಷ್ಯಾಕ್ಕ ಹೋದ್ರು. 1971ರ ಯುದ್ಧ ಗೆದ್ದ ಮಾಣೆಕ್‌ಷಾಗೆ ಮಾತ್ರ ಒಂದು ರಾಯಭಾರಿ ಪೋಸ್ಟೂ ಬರಲಿಲ್ಲ, ಯಾಕ ಅನ್ನೋದು ನೀವೇ ಯೋಚನೆ ಮಾಡ್ರಿ.

ಈಚೀಗೆ 2019ರಾಗ ಮಾಜಿ ಸೇನಾ ಮುಖ್ಯಸ್ಥ ಜನರಲ್ ದಲ್ಬೀರ್ ಸಿಂಗ್ ಸುಹಾಗ್‌ರನ್ನ ಹಿಂದೂ ಮಹಾಸಾಗರದ ಸೀಶೆಲ್ಸ್‌ಗೆ ಹೈಕಮಿಷನರ್ ಮಾಡಿ ಕಳಿಸಿದ್ರು. ಅಲ್ಲಿ ಒಂದು ದ್ವೀಪದಾಗ ಮಿಲಿಟರಿ ಸೌಕರ್ಯ ಕಟ್ಟಬೇಕಂತ ಭಾರತ ಹವಣಿಸ್ತಿತ್ತು, ಹಂಗಾಗಿ ಈ ಸಲ ಜನರಲ್‌ನ ಹುಡುಕಿದ್ದು ಕೆಲಸ ಇದ್ದದ್ದಕ್ಕ.