ನೆರೆಯ ರೂಟರ್ ಮೌನವಾದಾಗ ಎಷ್ಟು ಹೊತ್ತು ಕಾಯಬೇಕು?

ಎರಡು ರೂಟರ್‌ಗಳ ನಡುವೆ ನೇರವಾಗಿ ಒಂದೇ ಕೇಬಲ್ ಇದ್ದು ಅದು ತುಂಡಾದರೆ, ಪೋರ್ಟಿಗೆ ಬರುತ್ತಿದ್ದ ಸಂಕೇತವೇ ನಿಂತುಹೋಗುವುದರಿಂದ ಎರಡೂ ಕಡೆ ಕೂಡಲೇ ವಿಷಯ ತಿಳಿಯುತ್ತದೆ. ನಡುವೆ ಒಂದು ಸ್ವಿಚ್ (ಹಲವು ಕೇಬಲ್‌ಗಳನ್ನು ಒಂದೆಡೆ ಜೋಡಿಸುವ ಜಾಲಸಾಧನ) ಬಂದರೆ ಪರಿಸ್ಥಿತಿ ಬೇರೆ. ಸ್ವಿಚ್‌ನ ಆಚೆಗಿನ ತಂತಿ ಕಡಿದಿರುತ್ತದೆ, ಈಚೆಗಿನ ಪೋರ್ಟಿನ ಹಸಿರು ದೀಪ ಮಾತ್ರ ಉರಿಯುತ್ತಲೇ ಇರುತ್ತದೆ. ರೂಟರ್ ಆ ದೀಪವನ್ನು ನಂಬಿ, ಇಲ್ಲದ ನೆರೆಯವನಿಗೆ ಪ್ಯಾಕೆಟ್‌ಗಳನ್ನು ಕಳುಹಿಸುತ್ತಲೇ ಹೋಗುತ್ತದೆ.

ಈ ಕುರುಡುತನಕ್ಕೆ ಮದ್ದಾಗಿಯೇ ರೂಟಿಂಗ್ ಪ್ರೋಟೋಕಾಲ್‌ಗಳು (ರೂಟರ್‌ಗಳು ಪರಸ್ಪರ ಮಾರ್ಗಗಳನ್ನು ತಿಳಿದುಕೊಳ್ಳುವ ನಿಯಮಗಳು) ನಿಯತವಾಗಿ ಸಣ್ಣ ಸಂದೇಶಗಳನ್ನು ವಿನಿಮಯ ಮಾಡಿಕೊಳ್ಳುತ್ತವೆ. ಒಂದು ಸಂಸ್ಥೆಯ ಜಾಲದೊಳಗೆ ಬಳಸುವ ಒಎಸ್‌ಪಿಎಫ್ ಎಂಬ ಪ್ರೋಟೋಕಾಲ್ ಸಾಮಾನ್ಯ ಈಥರ್ನೆಟ್ ಜಾಲದಲ್ಲಿ 10 ಸೆಕೆಂಡಿಗೊಮ್ಮೆ ‘ಹಲೋ’ ಕಳುಹಿಸುತ್ತದೆ. 40 ಸೆಕೆಂಡು ಒಂದೂ ಹಲೋ ಬಾರದಿದ್ದರೆ ನೆರೆಯವನು ಇಲ್ಲವೆಂದು ತೀರ್ಮಾನಿಸುತ್ತದೆ. ಸೆಕೆಂಡಿಗೆ 10 ಗಿಗಾಬಿಟ್ ಸಾಮರ್ಥ್ಯದ ಕೊಂಡಿಯೊಂದು ತುಂಬಿ ಹರಿಯುತ್ತಿದ್ದರೆ, ಆ 40 ಸೆಕೆಂಡುಗಳಲ್ಲಿ 50 ಗಿಗಾಬೈಟ್ ದತ್ತಾಂಶ ಎಲ್ಲಿಗೂ ತಲುಪದೆ ನಾಶವಾಗುತ್ತದೆ. ಬೇರೆಬೇರೆ ಸಂಸ್ಥೆಗಳ ಜಾಲಗಳನ್ನು ಬೆಸೆಯುವ ಬಿಜಿಪಿ ಎಂಬ ಪ್ರೋಟೋಕಾಲ್‌ನಲ್ಲಿ ಕಾಯುವ ಅವಧಿ ಇನ್ನೂ ದೀರ್ಘ: ಮಾನದಂಡ ಸೂಚಿಸುವುದು 90 ಸೆಕೆಂಡು, ಕೆಲವು ಸಾಧನಗಳಲ್ಲಿ ಮೊದಲೇ ಇರುವುದು 180.

ಹಾಗಾದರೆ ಈ ಅಂಕಿಗಳನ್ನು ಇಳಿಸಿಬಿಡಬಹುದಲ್ಲವೇ ಎಂದು ಯಾರಿಗಾದರೂ ಅನಿಸುತ್ತದೆ. ಇಳಿಸಬಹುದು, ಆದರೆ ಎಚ್ಚರ ಬೇಕು. ಬಿಜಿಪಿಯಲ್ಲಿ ಎರಡು ಕಡೆಯ ಅವಧಿಗಳು ಬೇರೆಬೇರೆಯಾಗಿದ್ದರೆ ಚಿಕ್ಕದನ್ನು ಒಪ್ಪಿಕೊಂಡು ಮುಂದುವರಿಯುತ್ತಾರೆ. ಒಎಸ್‌ಪಿಎಫ್‌ನಲ್ಲಿ ಅಂಥ ರಾಜಿ ಇಲ್ಲ. ಹಲೋ ಅವಧಿಯಾಗಲಿ ಕಾಯುವ ಅವಧಿಯಾಗಲಿ ಹೊಂದದಿದ್ದರೆ ನೆರೆಸಂಬಂಧವೇ ಏರ್ಪಡುವುದಿಲ್ಲ. ದೂರದ ರೂಟರ್ ಒಂದರಲ್ಲಿ ಮೊದಲು ಈ ಅಂಕಿಯನ್ನು ಬದಲಿಸಿದವರು, ಅದನ್ನು ತಲುಪುವ ಏಕೈಕ ದಾರಿಯನ್ನು ತಾವೇ ಮುಚ್ಚಿಕೊಂಡುಬಿಡುವ ಸಾಧ್ಯತೆಯಿದೆ.

ಪ್ರತಿ ಪ್ರೋಟೋಕಾಲ್ ತನ್ನ ಪಾಡಿಗೆ ಹಲೋ ಹೇಳುತ್ತ ಅವಸರಪಡುವುದಕ್ಕಿಂತ, ನೆರೆಯವನ ಇರವನ್ನು ನೋಡಿಕೊಳ್ಳುವ ಕೆಲಸವನ್ನು ಒಬ್ಬರಿಗೇ ವಹಿಸುವುದು ಮೇಲು. 2010ರಲ್ಲಿ ಅಂತರ್ಜಾಲದ ತಾಂತ್ರಿಕ ದಾಖಲೆಗಳ ಸರಣಿಯಲ್ಲಿ ಆರ್‌ಎಫ್‌ಸಿ 5880 ಆಗಿ ಪ್ರಕಟವಾದ, ಡೇವ್ ಕಾಟ್ಜ್ ಮತ್ತು ಡೇವಿಡ್ ವಾರ್ಡ್ ಬರೆದ ಬಿಎಫ್‌ಡಿ ಎಂಬ ಪ್ರೋಟೋಕಾಲ್ ಮಾಡುವುದು ಇದನ್ನೇ. ಇದರಲ್ಲಿ ಎರಡೂ ಕಡೆಯವರು ತಾವು ಎಷ್ಟು ಬೇಗ ಕಳುಹಿಸಬಲ್ಲೆವು, ಎಷ್ಟು ಬೇಗ ಸ್ವೀಕರಿಸಬಲ್ಲೆವು ಎಂದು ಹೇಳಿಕೊಳ್ಳುತ್ತಾರೆ, ಮತ್ತು ನಿಧಾನದವರ ಮಾತೇ ನಡೆಯುತ್ತದೆ. ಮೊದಲನೆಯ ರೂಟರ್ 50 ಮಿಲಿಸೆಕೆಂಡಿಗೊಮ್ಮೆ ಕಳುಹಿಸಲು ಸಿದ್ಧವಿದ್ದು, ಎರಡನೆಯದು 300ಕ್ಕಿಂತ ಬೇಗ ಬೇಡವೆಂದರೆ, ಕಳುಹಿಸುವುದು 300ಕ್ಕೊಮ್ಮೆಯೇ. ಮೊದಲನೆಯದರ ಗುಣಕ (ಸತತವಾಗಿ ಎಷ್ಟು ಪ್ಯಾಕೆಟ್ ಬಾರದಿದ್ದರೆ ಕೊಂಡಿ ಬಿದ್ದಂತೆ ಎಂಬ ಸಂಖ್ಯೆ) 3 ಆಗಿದ್ದರೆ, ಎರಡನೆಯದು 900 ಮಿಲಿಸೆಕೆಂಡುಗಳ ಮೌನದ ನಂತರ ಕೊಂಡಿ ಬಿದ್ದಿದೆಯೆಂದು ಸಾರುತ್ತದೆ, ಮತ್ತು ಅದನ್ನು ಅವಲಂಬಿಸಿದ ಒಎಸ್‌ಪಿಎಫ್, ಬಿಜಿಪಿ ಎರಡೂ ಒಟ್ಟಿಗೇ ಎಚ್ಚರಗೊಳ್ಳುತ್ತವೆ.

ಇಲ್ಲಿ ಅತಿಯಾಸೆ ಅಪಾಯಕಾರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಬಿಎಫ್‌ಡಿ ಪ್ಯಾಕೆಟ್‌ಗಳನ್ನು ರೂಟರಿನ ಮುಖ್ಯ ಪ್ರೊಸೆಸರೇ ನಿಭಾಯಿಸುವ ಸಾಧನದಲ್ಲಿ 50 ಮಿಲಿಸೆಕೆಂಡು ಇಟ್ಟರೆ, ಲಕ್ಷಗಟ್ಟಲೆ ಮಾರ್ಗಗಳ ಲೆಕ್ಕದಲ್ಲಿ ಆ ಪ್ರೊಸೆಸರ್ ಕ್ಷಣಕಾಲ ಮುಳುಗಿದರೂ ಸಾಕು, ಬದುಕಿರುವ ನೆರೆಯವನನ್ನು ಸತ್ತನೆಂದು ಘೋಷಿಸಿಬಿಡುತ್ತದೆ. ಆ ಸುಳ್ಳು ಸುದ್ದಿಯಿಂದ ಜಾಲವಿಡೀ ಮಾರ್ಗಗಳನ್ನು ಮತ್ತೆ ಲೆಕ್ಕ ಹಾಕಬೇಕಾಗುತ್ತದೆ; ಆ ಹೊರೆಯಿಂದ ಪ್ರೊಸೆಸರ್ ಇನ್ನಷ್ಟು ಬಳಲಿ ಮತ್ತೊಂದು ಸುಳ್ಳು ಸುದ್ದಿ ಹುಟ್ಟುತ್ತದೆ. ಕೆಲಸ ಪ್ರತ್ಯೇಕ ಹಾರ್ಡ್‌ವೇರ್‌ನಲ್ಲಿ ನಡೆಯುವಲ್ಲಿ ಮಾತ್ರ ಅಂಥ ವೇಗ ತಕ್ಕದ್ದು. ಉಳಿದೆಡೆ 300 ಮಿಲಿಸೆಕೆಂಡು ಮತ್ತು ಗುಣಕ 3 ಎಂಬಲ್ಲಿಂದ ಆರಂಭಿಸಿ, ಕೆಲವು ವಾರ ದಾಖಲೆಗಳನ್ನು ನೋಡಿ, ಆಮೇಲೆ ಇಳಿಸುವುದು ಒಳ್ಳೆಯದು. ಕೆಳಗಿನ ದ್ಯುತಿತಂತು (ಆಪ್ಟಿಕಲ್ ಫೈಬರ್) ಜಾಲವು ಸುಮಾರು 50 ಮಿಲಿಸೆಕೆಂಡುಗಳಲ್ಲಿ ತಾನೇ ಪರ್ಯಾಯ ದಾರಿಗೆ ಹೊರಳುವಂಥದ್ದಾದರೆ, ಬಿಎಫ್‌ಡಿಯ ಅವಧಿ ಅದಕ್ಕಿಂತ ಸಾಕಷ್ಟು ಹೆಚ್ಚಿರಬೇಕು. ಇಲ್ಲವಾದರೆ ಕೆಳಗಿನ ಪದರ ಸರಿಪಡಿಸುತ್ತಿರುವುದನ್ನು ಮೇಲಿನ ಪದರ ಅನಗತ್ಯವಾಗಿ ಕೆದಕುತ್ತದೆ.

ಕೊಂಡಿ ಮರಳಿ ಬಂದಾಗಲೂ ಒಂದು ತೊಡಕಿದೆ. ಅಲ್ಲೊಂದು ಇಲ್ಲೊಂದು ಹಲೋ ದಾಟುವಷ್ಟು ಮಾತ್ರ ಸುಧಾರಿಸಿದ ಕೊಂಡಿಯಲ್ಲಿ ಒಎಸ್‌ಪಿಎಫ್ ನೆರೆಸಂಬಂಧ ಏರ್ಪಟ್ಟು, ಬಿಎಫ್‌ಡಿ ಅದನ್ನು ಮತ್ತೆ ಕೆಡವುವ ಆಟ ನಡೆಯಬಹುದು. 2023ರ ಆರ್‌ಎಫ್‌ಸಿ 9355 ಇದಕ್ಕಾಗಿಯೇ ಕಟ್ಟುನಿಟ್ಟಿನ ಕ್ರಮವೊಂದನ್ನು ವಿವರಿಸಿದೆ: ಬಿಎಫ್‌ಡಿ ಸಂಪರ್ಕ ಮೊದಲು ನೆಲೆಗೊಳ್ಳಬೇಕು, ಆಮೇಲಷ್ಟೇ ಒಎಸ್‌ಪಿಎಫ್ ನೆರೆಸಂಬಂಧ ಮುಂದುವರಿಯಬೇಕು.